ಮೀನಿನ ತೊಟ್ಟಿಗೆ ಆರು ಕಾಲು

ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಹೋಗುವವರ ಮುಖ ಇನ್ನೂ ಕಾಣುತ್ತಿಲ್ಲ. ಪಿಳ್ಳಪ್ಪನವರು ಬಾವಿಯಿಂದ ನೀರು ಸೇದಿ ಸೀಮೆಎಣ್ಣೆ ಡಬ್ಬಗಳಿಗೆ ತುಂಬುತ್ತಿದ್ದಾರೆ. ತುಂಬಿದ ಡಬ್ಬವನ್ನು ಹೊಟ್ಟೆಗೆ ಅವುಚಿಕೊಂಡು ತಂದು ಚಪ್ಪರದಡಿಯ ಮರದ ಸ್ಟ್ಯಾಂಡಿನ ಮೇಲೆ ಸದ್ದಾಗದಂತೆ ಇಡುತ್ತಾರೆ. ಕೆಳಸಾಲಿಗೆ ಹತ್ತು, ಅದರ ಮೇಲೆ ಎಂಟು. ಹದಿನೆಂಟನೆಯದನ್ನು ಇಟ್ಟು, ಕೈ ಒರೆಸಿಕೊಂಡು, ಮಂಡಿಯೂರಿ ಕೂರುತ್ತಾರೆ. ಪಂಚೆಯ ಗಂಟು ಬಿಚ್ಚಿ ಒಂದು ಅಕ್ಕಿಕಾಳು ತೆಗೆಯುತ್ತಾರೆ.

ಸ್ಟ್ಯಾಂಡಿನ ಮುಂದಿನ ತೊಲೆಯ ಕೆಳಗೆ, ಕಾಲುಗಳ ಹೊರಮಗ್ಗುಲಲ್ಲಿ, ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿದಿದೆ. ತೊಲೆಗೂ ದಾರಕ್ಕೂ ನಡುವೆ ಒಂದು ಅಕ್ಕಿಕಾಳು ನುಸುಳುವಷ್ಟೇ ಸಂದು. ಭಾರಕ್ಕೆ ತೊಲೆ ಬಗ್ಗಿತೋ, ಕಾಳು ಸಿಕ್ಕಿಹಾಕಿಕೊಳ್ಳುತ್ತದೆ. ಪಿಳ್ಳಪ್ಪನವರು ಕಾಳನ್ನು ಬೆರಳತುದಿಯಲ್ಲಿ ನೂಕಿಕೊಂಡು ಹೋಗುತ್ತಾರೆ. ಎಲ್ಲೂ ನಿಲ್ಲಲಿಲ್ಲ. ಇದು ಮೂರನೇ ದಿನ.

“ಮೂರು ದಿನ ಇಂಗೇ ನಿಂತ್ಕಂಡ್ರೆ ಸಾಕು. ಆಮೇಕೆ ಅದು ಬಗ್ಗಕಿಲ್ಲ,” ಎನ್ನುತ್ತಾರೆ.

ಈ ಸ್ಟ್ಯಾಂಡು ಹೋಗಬೇಕಾದದ್ದು ಹೆಬ್ಬಾಳದ ಕಡೆಯ ಒಂದು ಬಂಗಲೆಗೆ. ಅಲ್ಲಿಯ ಹಜಾರದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುತ್ತಾರೆ. ತೊಟ್ಟಿಗೆ ಹಿಡಿಯುವ ನೀರು ಹದಿನಾಲ್ಕು ಡಬ್ಬ. ಗಾಜು, ಕಬ್ಬಿಣದ ಚೌಕಟ್ಟು, ಕಲ್ಲು, ಮರಳು ಸೇರಿ ಇನ್ನೂ ನಾಲ್ಕು ಡಬ್ಬದ ತೂಕ. ಓದು ಬರಹ ಬಾರದ ಪಿಳ್ಳಪ್ಪನವರು ತೊಟ್ಟಿಯನ್ನು ಮೊಳ, ಗೇಣಿನಲ್ಲಿ ಅಳೆದು ಈ ಲೆಕ್ಕ ಹಾಕಿದ್ದಾರೆ. ಲೆಕ್ಕ ತಪ್ಪಿಲ್ಲ. ತಪ್ಪಿದ್ದು ಬೇರೆ ಕಡೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಪಿಳ್ಳಪ್ಪನವರಿಗೆ ಈಗ ಐವತ್ತೆಂಟು. ತಂದೆಯ ಕಾಲದಿಂದ ಎತ್ತಿನ ಗಾಡಿ ಕಟ್ಟುವ ಮನೆ. ಹನ್ನೆರಡನೇ ವಯಸ್ಸಿಗೆ ಕೈಗೆ ಉಳಿ ಬಂತು. ಯಲಹಂಕದ ಸುತ್ತ ಅವರು ಕಟ್ಟಿದ ಗಾಡಿ ಇಲ್ಲದ ಊರು ಕಡಿಮೆ. ಲಾರಿಗಳು ಹೆಚ್ಚಿದ ಮೇಲೆ ಗಾಡಿ ಕೇಳುವವರು ಕಡಿಮೆಯಾಗಿ, ಹೊಸ ಬಂಗಲೆಗಳ ಬಾಗಿಲು, ಮಂಚ, ಮೇಜಿಗೆ ಇಳಿದರು. ಮರಕ್ಕೆ ಯಶವಂತಪುರದ ಡಿಪೋಗೆ ಹೋಗಬೇಕು. ಗಾಡಿಯಲ್ಲಿ ಹೋಗಲು ಮೂರು ಗಂಟೆ, ಮರ ಹೇರಿಕೊಂಡು ಬರಲು ನಾಲ್ಕು. ದಿಮ್ಮಿಗೆ ಕಿವಿ ಇಟ್ಟು, ಕೊಡತಿಯಲ್ಲಿ ತಟ್ಟಿ ಕೇಳದೆ ಒಂದು ತುಂಡನ್ನೂ ಆರಿಸುವುದಿಲ್ಲ. ಎಡಗೈಯ ಎರಡು ಬೆರಳಿಗೆ ಸ್ಪರ್ಶವಿಲ್ಲ. ಕೆಲಸ ಎಲ್ಲ ಕೂಡು, ಬೆಣೆ. ಎಲ್ಲೂ ಮೊಳೆ ಇಲ್ಲ.

“ಒದ್ದೆ ಇರೋ ಜಾಗಕ್ಕೆ ಮೊಳೆ ಒಡೆದ್ರೆ ತುಕ್ಕು ಇಡೀತದೆ,” ಎನ್ನುತ್ತಾರೆ. “ಮೀನಿನ ತೊಟ್ಟಿ ಪಕ್ಕ ಒದ್ದೆ ಇರದೆ ಇನ್ನೇನಿರ್ತದೆ?”

ಬಂಗಲೆಯವರು ಮೊದಲ ಸಲ ಸ್ಟ್ಯಾಂಡು ಮಾಡಿಸಿದ್ದು ಎರಡೂವರೆ ವರ್ಷದ ಹಿಂದೆ, ಚೀನಾ ಯುದ್ಧದ ಚಳಿಗಾಲದಲ್ಲಿ. ಪಿಳ್ಳಪ್ಪನವರು ಹೊನ್ನೆ ಮರದಲ್ಲಿ ಆರು ಕಾಲಿನದು ಮಾಡಿದರು. ಮೂಲೆಗೆ ನಾಲ್ಕು, ನಡುವೆ ಹಿಂದೊಂದು ಮುಂದೊಂದು. ಒಂದೊಂದು ಕಾಲಿನ ಮೈಗೂ ಉಳಿಯಲ್ಲಿ ಗೀಟು ಹಾಕುವುದು ಗಾಡಿ ಕಟ್ಟುವವರ ಪದ್ಧತಿ, ಯಾವ ಕಾಲು ಯಾವ ಗೂಡಿಗೆ ಎಂದು ತಿಳಿಯಲು. ಮುಂದಿನ ನಡುಗಾಲಿಗೆ ಮೂರು ಗೀಟು. ಇದು ಮನಸ್ಸಿನಲ್ಲಿರಲಿ.

ಸ್ಟ್ಯಾಂಡನ್ನು ಹಿಂಬಾಗಿಲಲ್ಲಿ ಇಳಿಸಿಕೊಂಡು ಅವರನ್ನು ಅಲ್ಲಿಂದಲೇ ಕಳಿಸಿದರು. ಪಾಲಿಶ್ ಮಾಡಿಸಲು ಬೆಂಗಳೂರು ದಂಡಿನ ಕಡೆಯ ಒಂದು ಫರ್ನಿಚರ್ ಅಂಗಡಿಗೆ ಕೊಟ್ಟರು. ಅಂಗಡಿಯವನು ಪಾಲಿಶ್ ಹೊಡೆದು, ತನ್ನ ಹೆಸರಿನ ಹಿತ್ತಾಳೆ ತಗಡು ಬಡಿದು ಕಳಿಸಿದ. ಬಂದವರೆಲ್ಲ ಆ ತಗಡು ಓದಿ ಮೆಚ್ಚಿಕೊಂಡರಂತೆ.

ನಾಲ್ಕು ತಿಂಗಳಿಗೆ ಮುಂದಿನ ತೊಲೆ ಜಗ್ಗಿ, ತೊಟ್ಟಿ ತಿರುಚಿಕೊಂಡು ಒಡೆಯಿತು. ಹಜಾರವೆಲ್ಲ ನೀರು, ಮೀನೆಲ್ಲ ನೆಲದ ಮೇಲೆ. ಗಾಜು ಬಾಚಲು ಹೋದ ಕೆಲಸದಾಕೆ ಮುನಿಕೆಂಪಮ್ಮನ ಅಂಗೈ ಈ ಬದಿಯಿಂದ ಆ ಬದಿಗೆ ಸೀಳಿತು. ಆಗ ಯಾರೂ ತಗಡು ಓದಲಿಲ್ಲ. ಅಂಗಡಿಯವನು ಬಂದು ನೋಡಿ, “ಮರ ನಮ್ಮದಲ್ಲ ಸಾರ್, ಹಳ್ಳಿ ಗಾಡಿಯವನ ಕೆಲಸ,” ಎಂದ. ಬಂಗಲೆಯ ಯಜಮಾನರು ಹೌದೆಂದರು. ಹೌದೆಂದದ್ದಷ್ಟೇ ಅಲ್ಲ, ತಮಗೆ ಗೊತ್ತಿದ್ದ ಬಂಗಲೆಗಳಲ್ಲೆಲ್ಲ ಹೇಳಿದರು. ಒಪ್ಪಿಕೊಂಡಿದ್ದ ಎರಡು ಮನೆಯ ಬಾಗಿಲು ಕೆಲಸ ಆ ವಾರವೇ ಕೈತಪ್ಪಿತು. ಅಂದಿನಿಂದ ಇಂದಿನವರೆಗೆ ಒಂದು ಬಂಗಲೆಯೂ ಅವರನ್ನು ಕರೆದಿಲ್ಲ. ಎರಡು ವರ್ಷ ನೇಗಿಲ ಹಿಡಿ, ಕೊಟ್ಟಿಗೆಯ ಗೂಟ ಕೆತ್ತಿಕೊಂಡು ಬದುಕಿದ್ದಾರೆ.

ಯಜಮಾನರ ಹೆಸರು ಇಲ್ಲಿ ಬರೆಯಬಾರದಂತೆ, ಮರ್ಯಾದಸ್ಥರಂತೆ. ಬರೆದಿಲ್ಲ. ಪಿಳ್ಳಪ್ಪನವರ ಹೆಸರನ್ನು ಬೀದಿಗೆ ಎಸೆದಾಗ ಹೀಗೆ ಯಾರಾದರೂ ಯೋಚನೆ ಮಾಡಿದ್ದರೇ?

“ಮುರಿದ ಮರ ಒಂದ್ಸಲ ತೋರ್ಸಿ ಸ್ವಾಮಿ ಅಂತ ಮೂರು ಕಿತ ಅವ್ರ ಮನೆತಾವ್ಕೆ ಓದೆ,” ಎಂದು ಪಿಳ್ಳಪ್ಪನವರು ನೆನೆಯುತ್ತಾರೆ. “ಗೇಟಿಂದ ಒಳೀಕ್ಕೆ ಬಿಡ್ಲಿಲ್ಲ. ನೀರೊಲೆಗೆ ಆಕಾಯ್ತು ಅಂದ್ರು.”

ಎಲ್ಲವೂ ಒಲೆಗೆ ಹೋಗಿರಲಿಲ್ಲ. ನೀರು ಕಾಯಿಸುವವಳು ಮುನಿಕೆಂಪಮ್ಮ. ಬಟ್ಟೆ ಸುತ್ತಿದ ಕೈಯಲ್ಲೇ ಸೌದೆ ಎತ್ತುವಾಗ ಒಂದು ತುಂಡನ್ನು ನೋಡಿ ತೆಗೆದಿಟ್ಟಳು. ತೊಲೆಯ ಗೂಡಿನಲ್ಲೇ ಉಳಿದಿದ್ದ ಕಾಲಿನ ಮೇಲ್ತುದಿ, ಒಂದು ಗೇಣಿನಷ್ಟು, ಅದರ ಮೇಲೆ ಮೂರು ಗೀಟು. ಒಂದು ಭಾನುವಾರ ಸೆರಗಿನಲ್ಲಿ ಸುತ್ತಿಕೊಂಡು ನಡೆದೇ ಪುಟ್ಟೇನಹಳ್ಳಿಗೆ ತಂದುಕೊಟ್ಟಳು. ಮುರಿದ ಮರದ ಬಾಯಿ ಸಿಬಿರು ಸಿಬಿರಾಗಿರುತ್ತದೆ. ಇದು ಗರಗಸದಲ್ಲಿ ಕೊಯ್ದ ನುಣುಪು ಬಾಯಿ. ಆ ಕೊಯ್ದ ಬಾಯಿಯ ಮೇಲೂ ಪಾಲಿಶ್ ಹರಿದಿತ್ತು. ಎಂದರೆ ತೊಟ್ಟಿ ಒಡೆಯುವುದಕ್ಕೆ ನಾಲ್ಕು ತಿಂಗಳು ಮೊದಲೇ, ಪಾಲಿಶ್ ಅಂಗಡಿಯಲ್ಲೇ, ಈ ಕಾಲಿನ ಕೆಳಭಾಗವನ್ನು ಕೊಯ್ದು ತೆಗೆದಿದ್ದರು.

ಅದನ್ನು ಕಂಡ ದಿನ ಪಿಳ್ಳಪ್ಪನವರು ಊಟ ಮಾಡಲಿಲ್ಲ ಎನ್ನುತ್ತಾರೆ ಹೆಂಡತಿ ಸೊಣ್ಣಮ್ಮ. “ಅದನ್ನ ತೊಡೆ ಮ್ಯಾಗೆ ಮಲಗಿಸ್ಕಂಡು ಕುಂತಿದ್ರು. ನನ್ನ ಮಕ್ಕಳನ್ನೂ ಅಂಗೆ ಎತ್ಕಂಡಿಲ್ಲ ಈ ಮನುಷ್ಯ.”

ಅಷ್ಟರಲ್ಲಿ ಬಂಗಲೆಯಲ್ಲಿ ಅಂಗಡಿಯವನೇ ಮಾಡಿಕೊಟ್ಟ ಹೊಸ ಸ್ಟ್ಯಾಂಡು ಮೊಳೆ ತುಕ್ಕು ಹಿಡಿದು ಒಂದು ಕಡೆಗೆ ವಾಲಿತು. ಹೊಸ ತೊಟ್ಟಿಯ ಮೀನನ್ನು ಬಕೆಟ್ಟಿಗೆ ಬಿಟ್ಟರು. ಮುನಿಕೆಂಪಮ್ಮ ಆ ತುಂಡಿನ ಸಂಗತಿಯನ್ನು ಯಜಮಾನಿ ಗಂಗರತ್ನಮ್ಮನವರ ಕಿವಿಗೆ ಹಾಕಿದಳು. ಆಕೆ ಹೇಳಿಕಳಿಸಿದರು: ಇನ್ನೊಂದು ಮಾಡಿಕೊಡಬೇಕು. ಪಿಳ್ಳಪ್ಪನವರು ಒಂದು ಷರತ್ತು ಹಾಕಿದರು. ಗಾಡಿ ಕೊಂಡವರು ಮನೆಮಂದಿಯೆಲ್ಲ ಅದರಲ್ಲಿ ಕೂತು, ಕಟ್ಟಿದವನ ಎದುರಿಗೆ ಭಾರ ನೋಡಿಕೊಂಡು ಹೋಗುವುದು ಇಲ್ಲಿಯ ಪದ್ಧತಿ. ಕೂತು ಎದ್ದ ಮೇಲೆ ದೂರು ಹೇಳುವಂತಿಲ್ಲ. ಬಂಗಲೆಯವರೂ ಬಂದು ಕೂರಬೇಕು. ಯಜಮಾನರೂ.

ಅವರು ಇವತ್ತೇ ಬರುತ್ತಾರೆ. ಹತ್ತು ಗಂಟೆಗೆ ಕಾರು ಕೆರೆ ಏರಿಯಿಂದ ಇಳಿದು ನಿಲ್ಲುತ್ತದೆ. ಗಂಗರತ್ನಮ್ಮ, ಯಜಮಾನರು, ಹಿಂದೆ ಮುನಿಕೆಂಪಮ್ಮ. ಡಬ್ಬಗಳು ಕೆಳಗಿಳಿದಿವೆ. ಗಂಗರತ್ನಮ್ಮ ನೇರ ಹೋಗಿ ಕೂರುತ್ತಾರೆ. ಅವರು ಕರೆದ ಮೇಲೆ ಮುನಿಕೆಂಪಮ್ಮ ಹಿಂಬದಿಯಲ್ಲಿ ಅವರಿಗೆ ಬೆನ್ನು ಮಾಡಿ ಕೂರುತ್ತಾಳೆ. ಯಜಮಾನರು ನಿಂತೇ ಇದ್ದಾರೆ.

“ಇದೆಲ್ಲ ಏನಪ್ಪಾ ನಾಟಕ? ನಾನೇನು ಗಾಡಿ ತಗೊಳ್ಳೋಕೆ ಬಂದಿದ್ದೀನಾ?”

“ಕೂತ್ಕಳಿ ಸ್ವಾಮಿ,” ಎನ್ನುತ್ತಾರೆ ಸೊಣ್ಣಮ್ಮ ಬಾಗಿಲಿಂದಲೇ. “ಓದ್ಸಲ ಬರೀ ಮೀನು ಕುಂತಿದ್ವು. ಅವಕ್ಕೆ ಬಾಯಿ ಬಿಟ್ಟು ಯೋಳಕ್ಕಾಗ್ಲಿಲ್ಲ. ನೀವಾದ್ರೆ ಯೋಳ್ತೀರ.”

ಗಂಗರತ್ನಮ್ಮ ತಲೆ ತಗ್ಗಿಸಿ ನಗು ಮುಚ್ಚಿಕೊಳ್ಳುತ್ತಾರೆ. ಯಜಮಾನರು ಬಂದು ಕೂರುತ್ತಾರೆ. ಪಿಳ್ಳಪ್ಪನವರು ಅವರ ಕಾಲ ಬಳಿ ಮಂಡಿಯೂರಿ ಅಕ್ಕಿಕಾಳು ನೂಕುತ್ತಾರೆ. ಕಾಳು ಆ ತುದಿಯಲ್ಲಿ ಹೊರಬರುತ್ತದೆ. ಆಮೇಲೆ ಗೋಡೆಯ ಗೂಡಿನಿಂದ ಆ ಹಳೆಯ ತುಂಡನ್ನು ತಂದು ಯಜಮಾನರ ಕೈಗೆ ಕೊಡುತ್ತಾರೆ.

“ಇದು ಮುರಿದಿದ್ದಾ, ಕುಯ್ದಿದ್ದಾ? ನೀವೇ ಯೋಳಿ.”

ಯಜಮಾನರು ಅದನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ. ಬೆರಳು ಪಾಲಿಶ್ ಮೇಲೆ ನಿಲ್ಲುತ್ತದೆ.

“ಕೆಳಗೆ ರೇಡಿಯೋ ಇಡೋಕೆ ಜಾಗ ಬೇಕಿತ್ತು,” ಎನ್ನುತ್ತಾರೆ ಕೊನೆಗೆ. “ಈ ಕಾಲು ಅಡ್ಡ ಬರ್ತಿತ್ತು. ತೆಗೀರಿ ಅಂತ ಅಂಗಡಿಯವನಿಗೆ ನಾನೇ ಹೇಳ್ದೆ. ಒಂದು ಕಾಲು ತಾನೇ ಅಂದ್ಕೊಂಡೆ.”

ಗಂಗರತ್ನಮ್ಮ ಗಂಡನ ಮುಖ ನೋಡುತ್ತಾರೆ. “ನಿಮಗೆ ಗೊತ್ತಿತ್ತು,” ಎನ್ನುತ್ತಾರೆ. ಮುನಿಕೆಂಪಮ್ಮ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ಆ ಕೈ ಇವತ್ತಿಗೂ ಪೂರ್ತಿ ಮುಷ್ಟಿ ಕಟ್ಟುವುದಿಲ್ಲ.

“ಆಗಿದ್ದಾಯ್ತು ಬಿಡಪ್ಪಾ,” ಎಂದು ಯಜಮಾನರು ಎದ್ದು ಕಾರಿನ ಕಡೆ ನಡೆಯುತ್ತಾರೆ.

ಅಷ್ಟೇ. ಎರಡು ವರ್ಷ ಒಬ್ಬ ಮನುಷ್ಯನ ಕಸುಬನ್ನು ಮಣ್ಣು ಮಾಡಿ, ಒಂದೇ ಉಸಿರಿಗೆ ಆಗಿದ್ದಾಯ್ತು. ಯಾವ ಯಾವ ಮನೆಗೆ ಹೋಗಿ ಪಿಳ್ಳಪ್ಪನ ಕೆಲಸ ಕೆಟ್ಟದ್ದು ಎಂದರೋ ಆ ಮನೆಗಳಿಗೆಲ್ಲ ಇದೇ ಕಾರಿನಲ್ಲಿ ಹೋಗಿ, ಕಾಲು ಕೊಯ್ಸಿದ್ದು ನಾನು ಎಂದು ಹೇಳಿ ಬರಬಹುದಲ್ಲ? ಪೆಟ್ರೋಲಿಗೆ ಬರವಿಲ್ಲ. ಬಾಯಿಗೂ ಬರವಿಲ್ಲ. ಹೋಗುವುದಿಲ್ಲ, ಅಷ್ಟೇ. ಹಾಗಾಗಿ ಇಲ್ಲಿ ಅಚ್ಚಾಗಲಿ. ಓದಲು ಬರುವವರು ಆ ಬಂಗಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕಾರು ಹೋದ ಮೇಲೆ ಪಿಳ್ಳಪ್ಪನವರು ದಾರ ಬಿಚ್ಚಿ ಸುತ್ತಿಡುತ್ತಾರೆ. ಸಂಜೆ ಗಾಡಿಯಲ್ಲಿ ಸ್ಟ್ಯಾಂಡು ಸಾಗಬೇಕು. ಯಜಮಾನರು ತಪ್ಪಾಯಿತು ಎನ್ನಲಿಲ್ಲವಲ್ಲ ಎಂದು ಕೇಳಿದರೆ, ದಾರದ ಉಂಡೆಯನ್ನು ಗೋಡೆಯ ಗೂಡಿಗೆ ತಳ್ಳುತ್ತಾರೆ.

“ನಂಗೆ ಒಂದೇ ಆಸೆ,” ಎನ್ನುತ್ತಾರೆ ಆಮೇಲೆ. “ನೀರು ತುಂಬಿದ ಮ್ಯಾಕೆ ಒಂದ್ಸಲ ಮುಂಬಾಗಿಲಿಂದ ಒಳೀಕ್ಕೆ ಬಿಡ್ಲಿ. ಗಂಗರತ್ನಮ್ಮನೋರು ಬಾ ಅಂದವ್ರೆ.”

ಮೀನು ನೋಡುವುದಕ್ಕೇ?

“ಮೀನು ನಮ್ ಕೆರೇಲಿ ಇಲ್ವಾ?” ಎನ್ನುತ್ತಾ ಅಕ್ಕಿಕಾಳನ್ನು ಪಂಚೆಯ ತುದಿಗೆ ಹಾಕಿ ಗಂಟು ಬಿಗಿಯುತ್ತಾರೆ. “ಆರು ಕಾಲೂ ಐತಾ ಅಂತ ಎಣಿಸ್ಕಂಡು ಬತ್ತೀನಿ.”