ಮೊದಲಿನಿಂದ ಹೇಳು

ಎಂಬತ್ತಮೂರರ ಕಾರ್ತಿಕ ಸೋಮವಾರ. ಶ್ರೀಧರ ಪೂಜೆಯ ಮಧ್ಯೆ ತಲೆ ಹಿಡಿದುಕೊಂಡು ಕೂತುಬಿಟ್ಟಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಂದವರ ಎದುರು ಮರ್ಯಾದೆ ಹೋಯಿತಲ್ಲ ಎಂಬ ಸಿಟ್ಟು. ಅವನು ನನ್ನ ಒಬ್ಬನೇ ಮಗ, ಇಪ್ಪತ್ತೆರಡು ವರ್ಷ. ನರಸೀಪುರದಲ್ಲಿ ನಮ್ಮದು ಹೊಳೆ ದಂಡೆಯ ಸಣ್ಣ ಗುಡಿ. ನನ್ನ ನಂತರ ಪೂಜೆ ಅವನದೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆಮೇಲೆ ರುದ್ರಮಂತ್ರ ಹೇಳುವಾಗ ತಪ್ಪತೊಡಗಿದ. ಹನ್ನೆರಡನೇ ವಯಸ್ಸಿಗೇ ಬಾಯಿಪಾಠವಾಗಿದ್ದದ್ದು. ಒಂದು ಪದ ನುಂಗುತ್ತಿದ್ದ, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ. ನಮ್ಮಲ್ಲಿ ಪಾಠದ ಕ್ರಮ ಒಂದೇ, ತಪ್ಪಿದರೆ ಮೊದಲಿನಿಂದ. ನನ್ನ ತಂದೆ ನನ್ನನ್ನು ಹಾಗೇ ಅರೆದಿದ್ದರು. ನಾನೂ ಅರೆದೆ.

"ಅಪ್ಪಾ, ತಲೆ ಸಿಡೀತಾ ಇದೆ."

"ಶ್ರದ್ಧೆ ಇಲ್ದೋರಿಗೆ ಎಲ್ಲಾ ಸಿಡಿಯತ್ತೆ. ಮೊದಲಿಂದ ಹೇಳು."

ಒಂದು ಬೆಳಿಗ್ಗೆ ಏಳು ಸಲ ಹೇಳಿಸಿದೆ. ಏಳನೇ ಸಲ ಅಂಗಳಕ್ಕೆ ಓಡಿ ವಾಂತಿ ಮಾಡಿದ. ಅವನ ತಾಯಿ, "ಅವನಿಗೆ ಕಣ್ಣೂ ಮಂಜಾಗ್ತಿದೆ ಕಣ್ರೀ, ಡಾಕ್ಟರ ಹತ್ರ ಕರ್ಕೊಂಡ್ ಹೋಗಿ" ಎಂದಳು. ಪಿತ್ತ ಎಂದೆ. ಶುಂಠಿ ಕಷಾಯ ಕುಡಿಸಿದೆ, ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಹೀಗೇ ಐದು ತಿಂಗಳು ಕಳೆದೆ.

ಯುಗಾದಿಯಾದ ವಾರಕ್ಕೆ ಫಿಟ್ಸ್ ಬಂತು.

ಮೈಸೂರಿನ ಆಸ್ಪತ್ರೆಯವರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು ಎಡಭಾಗದ ಗಡ್ಡೆ ತೋರಿಸಿದರು. ಬ್ರೈನ್ ಟ್ಯೂಮರ್.

"ತಲೆನೋವು ಎಷ್ಟು ದಿನದಿಂದ?"

"ಒಂದು ತಿಂಗಳಿಂದ" ಎಂದೆ.

ಸುಳ್ಳು. ಜನ್ಮವಿಡೀ ಬೇರೆಯವರ ಉಚ್ಚಾರ ತಿದ್ದಿದ ಬಾಯಿ ಅದನ್ನು ಸಲೀಸಾಗಿ ಹೇಳಿತು. ಹೆಂಡತಿ ನನ್ನ ಮುಖ ನೋಡಲಿಲ್ಲ.

"ಐದು ತಿಂಗಳು ಮೇಲಾಯ್ತು ಡಾಕ್ಟ್ರೇ. ಮಾತು ತಪ್ತಾ ಇತ್ತು. ಇವರು ಗದರ್ತಾ ಇದ್ರು."

"ಮಾತಿನ ಜಾಗದಲ್ಲೇ ಗಡ್ಡೆ ಇರೋದು. ನಿಮ್ಮ ಮಗ ಬೇಕಂತ ತಪ್ಪಿದ್ದಲ್ಲ" ಎಂದರು ಡಾಕ್ಟರು.

"ಆಗಲೇ ಕರ್ಕೊಂಡು ಬಂದಿದ್ರೆ?" ಎಂದು ಕೇಳಿದೆ. ಅವರು ಫಿಲಂ ಕವರಿಗೆ ಹಾಕಿದರು.

ಆಪರೇಷನ್ ಆಯಿತು. ಪೂರ್ತಿ ತೆಗೆಯಲಾಗಲಿಲ್ಲ, ಮತ್ತೆ ಬೆಳೆಯುತ್ತದಂತೆ. ಅವನ ಬಲಗೈ ಸ್ವಾಧೀನದಲ್ಲಿಲ್ಲ. ಗುಡಿಯ ಪೂಜೆಗೆ ಈಗ ನನ್ನ ತಮ್ಮ ಬರುತ್ತಾನೆ. ನಾನು ಹೋಗಿ ಏನೆಂದು ಬೇಡಲಿ? ದೇವರ ಮೇಲೆ ಸಿಟ್ಟಿಲ್ಲ. ನನ್ನ ಮೇಲಿನದು ಇಳಿಯುತ್ತಿಲ್ಲ. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ ಎಂದು ದಿನವೂ ಅಂದುಕೊಳ್ಳುತ್ತೇನೆ. ಹೋದದ್ದು ಅವನ ಮಾತು.

ಅವನಿಗೆ ಉಳಿದಿರುವುದು ಒಂದೇ ಶಬ್ದ. ಅಪ್ಪ. ನೀರು ಬೇಕಾದರೂ ಅಪ್ಪ, ನೋವಾದರೂ ಅಪ್ಪ. ಅನ್ನ ಕಲಸಿ ತಿನ್ನಿಸುವ ತಾಯಿಯನ್ನೂ ಅಪ್ಪ ಎಂದೇ ಕರೆಯುತ್ತಾನೆ. ಅವಳು ಬೇಸರಿಸದೆ "ಏನು ಮಗು" ಎಂದು ಓಗೊಡುತ್ತಾಳೆ. ಕಲಿತ ಅಷ್ಟು ಮಾತಿನಲ್ಲಿ ಇದೊಂದೇ ಯಾಕೆ ಉಳಿಯಿತೋ ಡಾಕ್ಟರಿಗೂ ಗೊತ್ತಿಲ್ಲ. ಉಳಿದದ್ದೇ ಪುಣ್ಯ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬಹಳ ಸಲ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಆದರೂ ಕರೆದ ಕೂಡಲೇ ಎದ್ದು ಹೋಗುತ್ತೇನೆ.