ಕೆಟ್ಟ ಟಿವಿಯ ಕಂತು

ಹನೂರಿನ ಕಚೇರಿಯಲ್ಲಿ ನಾನು ಗುಮಾಸ್ತ. ಕೊಳ್ಳೇಗಾಲದ ಬಾಡಿಗೆ ಮನೆ ಸಾಕೆನಿಸಿ, ಯಳಂದೂರಿನಲ್ಲಿ ಒಂದು ಚಿಕ್ಕ ಮನೆ ನೋಡಿ, ಕೂಡಿಟ್ಟದ್ದನ್ನೆಲ್ಲ ಮುಂಗಡ ಕೊಟ್ಟಿದ್ದೆವು. ಮೂರು ತಿಂಗಳೊಳಗೆ ರಿಜಿಸ್ಟರ್ ಆಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ. ಸರ್ಕಾರಿ ಸಂಬಳದವನಿಗೆ ಸಾಲ ಕೊಡದೆ ಎಲ್ಲಿಗೆ ಹೋಗುತ್ತಾರೆ ಎಂದು ಮೀಸೆ ತಿರುವಿಕೊಂಡೇ ಬ್ಯಾಂಕಿಗೆ ಹೋದೆ.

ಮ್ಯಾನೇಜರ್ ಕಂಪ್ಯೂಟರ್ ನೋಡಿ, "ನಿಮ್ಮ ಕ್ರೆಡಿಟ್ ಸ್ಕೋರ್ ತೀರಾ ಕಡಿಮೆ ಸಾರ್. ಯಾವುದೋ ಟಿವಿ ಸಾಲ ಹಾಗೇ ಬಿಟ್ಟಿದ್ದೀರಿ" ಎಂದರು.

ಆ ಟಿವಿ ನೆನಪಿಲ್ಲದೆ ಏನು! ಕಂತಿನಲ್ಲಿ ತಂದ ನಾಲ್ಕೇ ತಿಂಗಳಿಗೆ ಕೆಟ್ಟಿತ್ತು. ಅಂಗಡಿಯವನ ಜತೆ ಜಗಳವಾಡಿ, "ಕೆಟ್ಟೋದ್ ಟಿವಿಗೆ ಒಂದ್ ಕಾಸೂ ಕಟ್ಟಕಿಲ್ಲ, ಅದೇನ್ ಮಾಡ್ಕತೀಯೋ ಮಾಡ್ಕೊ" ಎಂದು ಬಂದಿದ್ದೆ. ಫೈನಾನ್ಸಿನವರು ಫೋನ್ ಮಾಡತೊಡಗಿದಾಗ ಸಿಮ್ಮನ್ನೇ ಬದಲಾಯಿಸಿದೆ. ಅಂಗಡಿಯವನಿಗೆ ಬುದ್ಧಿ ಕಲಿಸಿದೆ ಎಂದು ಹನೂರು ಬಸ್ಸಿನಲ್ಲಿ ಕಂಡಕಂಡವರ ಮುಂದೆಲ್ಲ ಮೆರೆದೆ. ಅವನಿಗೆ ಸೇರಬೇಕಾದ ಹಣ ಫೈನಾನ್ಸಿನಿಂದ ಮೊದಲ ದಿನವೇ ಸೇರಿತ್ತು ಎಂಬುದು ಈ ಗುಮಾಸ್ತನ ತಲೆಗೆ ಹೊಳೆಯಲಿಲ್ಲ.

ಮನೆಗೆ ಬಂದಾಗ ಹೆಂಡತಿ ಪಕ್ಕದ ಮನೆಯ ಮಗ್ಗಕ್ಕೆ ರೇಷ್ಮೆ ನೂಲು ಸುತ್ತುತ್ತಿದ್ದಳು. "ಏನಂದ್ರು?" ಎಂದಳು.

"ನಿನ್ ಸಂಘದ ಸಾಲ ಅಡ್ಡ ಬಂತಂತೆ" ಎಂದುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವಳ ಸಂಘದಲ್ಲಿ ಪ್ರತಿ ಮಂಗಳವಾರ ಹೆಂಗಸರೆಲ್ಲ ಒಟ್ಟಿಗೆ ಕೂರುತ್ತಾರೆ. ಒಬ್ಬಳ ಕಂತು ಬಾಕಿ ಇದ್ದರೂ ಅದು ಬರುವ ತನಕ ಯಾರೂ ಏಳುವಂತಿಲ್ಲ. ಇವಳಿಗಾಗಿ ಯಾರೂ ಒಂದು ದಿನವೂ ಕಾದಿರಲಿಲ್ಲ. ಆ ಶಿಸ್ತನ್ನು ಕಂಡು ನಾನೇ ಛೇಡಿಸುತ್ತಿದ್ದೆ.

"ನನ್ನಿಂದ ಮನೆ ತಪ್ಪೋಗದು ಬ್ಯಾಡ. ನಾನೇ ಬಂದು ಮ್ಯಾನೇಜರ್ನ ಕೇಳ್ಕತೀನಿ" ಎಂದಳು. ಬೇಡವೆಂದರೂ ಕೇಳದೆ ಮರುದಿನ ಬಂದೇಬಿಟ್ಟಳು.

"ನಿಮ್ಮದೇನೂ ತಪ್ಪಿಲ್ಲಮ್ಮ" ಎಂದರು ಮ್ಯಾನೇಜರ್. "ನೀವು ಒಂದು ಕಂತೂ ತಪ್ಪಿಸಿಲ್ಲ. ಯಜಮಾನರ ಟಿವಿ ಸಾಲ ತೀರಿಸಿ, ಇಬ್ಬರೂ ಸೇರಿ ಅರ್ಜಿ ಕೊಡಿ. ನಿಮ್ಮ ಹೆಸರು ಮೊದಲಿರಲಿ."

ನಾನು ಮೇಜಿನ ಮೇಲಿದ್ದ ಪೆನ್ನನ್ನೇ ನೋಡುತ್ತಾ ಕೂತೆ. ಟಿವಿ ಸಾಲ ಎಷ್ಟು ಬಾಕಿ ಇದೆ ಎಂದಷ್ಟೇ ಅವಳು ದಾರಿಯಲ್ಲಿ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟಿವಿ ಸಾಲ ತೀರಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಅವಳು ಸಂಘದಲ್ಲೇ ಕೇಳಿದಳು. ಅಲ್ಲಿ ಸಾಲ ಬೇಕಾದವರು ಎಲ್ಲರ ಮುಂದೆ ಎದ್ದು ನಿಂತು ಕಾರಣ ಹೇಳಬೇಕು, ಗಂಡನೂ ಸಹಿ ಹಾಕಬೇಕು. ಹಾಗಾಗಿ ನಾನೂ ಹೋಗಿ ಬಾಗಿಲ ಬಳಿ ನಿಂತಿದ್ದೆ.

"ಯಾತುಕ್ಕವ್ವಾ ದುಡ್ಡು?" ಎಂದರು ಸಂಘದ ಹಿರಿಯಾಕೆ.

"ಟಿವಿ ಕಂತು ಕಣಕ್ಕ. ನಾನೇ ಕಟ್ದೆ ಬುಟ್ಬುಟ್ಟಿದ್ದೆ."

ಹೆಂಗಸರೆಲ್ಲ ಅವಳನ್ನೇ ನೋಡಿದರು. ಅವಳು ತಲೆ ತಗ್ಗಿಸಿದಳು. ಹಿರಿಯಾಕೆ ನನ್ನತ್ತ ತಿರುಗಿ, "ನೀವಾರ ಒಸಿ ಬುದ್ಧಿ ಏಳ್ಬಾರ್ದಾ ಸಾ ಇವ್ಳಿಗೆ?" ಎಂದರು.

"ಹೇಳ್ತೀನಿ ಕಣಕ್ಕ" ಎಂದು ಸಹಿ ಹಾಕಿದೆ.

ಟಿವಿ ಸಾಲ ತೀರಿತು, ಬ್ಯಾಂಕಿನ ಸಾಲ ಸಿಕ್ಕಿತು, ಮನೆಯೂ ಆಯಿತು. ಗೃಹಪ್ರವೇಶಕ್ಕೆ ಯಳಂದೂರಿಗೆ ಬಂದ ಆ ಹೆಂಗಸರಿಗೆ ನಾನೇ ನಿಂತು ಬಡಿಸಿದೆ. ಆಗಲೂ ನಿಜ ಹೇಳಲಿಲ್ಲ.