ಬೋಗುಣಿ ಅಕ್ಕನ ಅಳತೆ

ಅವಳನ್ನು ಎಲ್ಲರೂ ಬೋಗುಣಿ ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮನ ಜಾಮ್ ಅಂಗಡಿಯ ಹಿಂದಿದ್ದ ಅಡುಗೆಮನೆಯಲ್ಲಿ ಒಲೆಯ ಕೆಲಸ ಅವಳದು. ನನ್ನ ಗಂಡ ತೀರಿಕೊಂಡ ವರ್ಷ ನಾನು ಅಲ್ಲಿ ಹಣ್ಣು ಹೆಚ್ಚಲು ಸೇರಿದೆ. ಅಂಚು ಹಾರಿದ ಒಂದು ಬಿಳಿ ಪಿಂಗಾಣಿ ಬೋಗುಣಿ ಬಿಟ್ಟರೆ ಅವಳಿಗೆ ಬೇರೆ ಅಳತೆ ಗೊತ್ತಿರಲಿಲ್ಲ. ಗಟ್ಟಿ ಅಂಜೂರ ಬೋಗುಣಿಯಲ್ಲಿ ಸಂದು ಬಿಟ್ಟು ಕೂರುತ್ತದೆ. ಕಳಿತದ್ದು ಒಂದರ ಮೈಗೊಂದು ಒತ್ತಿಕೊಳ್ಳುತ್ತದೆ. ಅದನ್ನು ನೋಡಿ ಅವಳು ಒಂದು ಹಿಡಿ ಹಣ್ಣು ಸೇರಿಸುತ್ತಿದ್ದಳು, ಇಲ್ಲವೇ ತೆಗೆಯುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಕೈಗೆ ಗೊತ್ತು ಕಣೆ, ನನ್ನ ಕೇಳಬೇಡ" ಎನ್ನುತ್ತಿದ್ದಳು.

ತಾಯಿ ಹೋದ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮದುವೆಯಾದ ಮೇಲೆ ಅವನು ಅಡುಗೆಮನೆಗೆ ಬಂದರೆ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಅಂಥವನು ಒಂದು ಹಣ್ಣಿನ ಕಾಲದಲ್ಲಿ ತಕ್ಕಡಿ ಹಿಡಿದು ಬಂದು ಅವಳ ಪಕ್ಕ ಮಣೆ ಹಾಕಿಕೊಂಡು ಕೂತ.

"ಅಕ್ಕ, ಸೀಸೆ ಮೇಲೆ ಹಣ್ಣು ಎಷ್ಟು ಗ್ರಾಂ ಅಂತ ಹಾಕ್ಬೇಕಂತೆ. ನೀನು ಬೋಗುಣಿ ತುಂಬ್ತಾ ಹೋಗು, ನಾನು ತೂಗ್ತೀನಿ."

ಮೊದಲ ದಿನ ಅವನು ಒಂದೇ ಒಂದು ಬೋಗುಣಿ ತೂಗಿ, ಎಲ್ಲಾ ಹಣ್ಣಿಗೂ ಅದೇ ತೂಕವೆಂದು ಲೆಕ್ಕ ಹಾಕಿದ. ಆ ಲೆಕ್ಕದಲ್ಲಿ ಒಂದು ಪಾತ್ರೆ ಜಾಮ್ ಮಾಡಿ ನೋಡಿದ. ಸಾರಿನ ಹಾಗೆ ಹರಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ತಕ್ಕಡಿ ಎತ್ತಿಕೊಂಡು ಹೋಗುತ್ತಿದ್ದನೋ ಏನೋ. ಅಕ್ಕನೇ ನಕ್ಕು ಅವನ ತಲೆಗೆ ಮೊಟಕಿದಳು.

"ದಡ್ಡ. ಗಟ್ಟಿದು ಬೇರೆ ತೂಗು, ಕಳಿತಿದ್ದು ಬೇರೆ ತೂಗು. ಇಡೀ ಹಣ್ಣಿನ ಬೋಗುಣಿ ಬೇರೆ, ಹೆಚ್ಚಿದ್ದು ಬೇರೆ. ಎಲ್ಲಾ ಒಂದೇ ಆಗಿದ್ರೆ ನಾನ್ಯಾಕೋ ಇಲ್ಲಿ?"

ಆ ಕಾಲ ಮುಗಿಯುವವರೆಗೂ ಅವನು ಬಂದು, ಒಂದೊಂದನ್ನೂ ಬೇರೆಬೇರೆ ತೂಗಿ ಬರೆದುಕೊಂಡ. ಅವಳು ಅವನಿಗೆಂದು ಚಹಾಕ್ಕೆ ಏಲಕ್ಕಿ ಜಜ್ಜುವಳು. ಇಬ್ಬರೂ ಚಿಕ್ಕಂದಿನ ಮಾತಾಡಿ ನಗುವರು. ನನಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು.

"ಅಕ್ಕ, ಇವ್ರು ಇಷ್ಟೆಲ್ಲಾ ಯಾಕೆ ತೂಗ್ತಿದಾರೆ?" ಎಂದೆ ಒಮ್ಮೆ.

"ತೂಗ್ಲಿ ಬಿಡು. ಇಷ್ಟು ಹೊತ್ತು ಅವನು ನನ್ನ ಹತ್ರ ಕೂತು ಎಷ್ಟು ಕಾಲ ಆಯ್ತು. ನಿನಗ್ಯಾಕೆ ಹೊಟ್ಟೆ ಉರಿ?"

ಮುಂದಿನ ಹಣ್ಣು ಬರುವ ಹೊತ್ತಿಗೆ ಒಲೆಯ ಮುಂದೆ ಹೊಸ ಹುಡುಗಿ ನಿಂತಿದ್ದಳು. ಅಕ್ಕನ ಸಂಬಳದ ಅರ್ಧಕ್ಕೆ ಬಂದವಳು.

"ನಿನಗೂ ವಯಸ್ಸಾಯ್ತಲ್ಲ ಅಕ್ಕ, ಆರಾಮಾಗಿ ಮನೇಲಿರು. ಬೋಗುಣಿ ಬೇಕಿದ್ರೆ ತಗೊಂಡು ಹೋಗು, ಇಲ್ಲಿ ಸುಮ್ನೆ ಬಿದ್ದಿರುತ್ತೆ" ಎಂದ ತಮ್ಮ. ಈ ಸಲವೂ ಹೊಸ್ತಿಲಲ್ಲೇ ನಿಂತು ಹೇಳಿದ.

ಅವಳು ಬೋಗುಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಹೋಗುವಾಗ ನನ್ನ ಕಿವಿಯಲ್ಲಿ, "ನೋಡ್ತಿರು, ಜಾಮ್ ಕೆಟ್ಟ ದಿನ ಓಡಿ ಬರ್ತಾನೆ" ಎಂದಳು.

ಕೆಡಲಿ ಎಂದು ನಾನೂ ಕಾದೆ. ಆ ಹುಡುಗಿಗೆ ಗೊತ್ತಿದ್ದದ್ದು ತಕ್ಕಡಿಯೊಂದೇ. ಆದರೂ ಕೆಡಲಿಲ್ಲ. ಕೊನೆಗೆ ಒಂದು ಸೀಸೆ ಹಿಡಿದು ಅಕ್ಕನ ಮನೆಗೆ ಹೋದೆ. ಬಚ್ಚಲಿನ ಹತ್ತಿರ ಅದೇ ಬೋಗುಣಿಯಲ್ಲಿ ಸೋಪಿನ ನೀರಿತ್ತು. ಅವಳು ಸೀಸೆ ತೆರೆದು ಜಾಮಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು.

"ಸ್ವಲ್ಪ ಸಪ್ಪೆ ಅಲ್ವಾ ಅಕ್ಕ?" ಎಂದೆ.

"ಸುಳ್ಳು ಯಾಕೆ ಹೇಳ್ತೀಯೆ? ಒಂದೊಂದು ಬೋಗುಣಿನೂ ನಾನೇ ತುಂಬಿ ಕೊಟ್ಟಿದ್ದಲ್ವಾ, ಹೇಗೆ ಕೆಡುತ್ತೆ?"

"ಆವತ್ತು ಆ ಹರಿಯೋ ಜಾಮ್ ನೋಡಿ ಬಾಯಿ ಮುಚ್ಕೊಂಡು ಇರಬಾರದಿತ್ತಾ ನೀನು?"

"ಹೇಗೆ ಇರ್ಲಿ? ಮುಖ ಸಪ್ಪಗೆ ಮಾಡ್ಕೊಂಡು ಪಕ್ಕದಲ್ಲೇ ಕೂತಿದ್ನಲ್ಲೇ."

ಸೀಸೆಯ ಮುಚ್ಚಳ ತಿರುಗಿಸುತ್ತಾ ಮತ್ತೆ ಕೇಳಿದಳು. "ನಾನು ಹೇಗಿದೀನಿ ಅಂತ ನಿನ್ನ ಹತ್ರ ಕೇಳ್ತಾನಾ?"

ಕೇಳುತ್ತಾನೆ ಎನ್ನಬೇಕೆಂದು ಬಾಯಿ ತೆರೆದೆ. ಹೇಳಿದ್ದರೆ ಆ ಸುಳ್ಳನ್ನೂ ಹಿಡಿದುಬಿಡುತ್ತಿದ್ದಳು.

"ಇಲ್ಲ ಅಕ್ಕ" ಎಂದೆ.

ಅವಳು ಸೀಸೆಯನ್ನು ನನ್ನ ಚೀಲಕ್ಕೇ ಹಾಕಿದಳು. "ನಿನ್ನ ಮಕ್ಕಳು ತಿನ್ಲಿ, ತಗೊಂಡು ಹೋಗು" ಎಂದು ಎದ್ದಳು.